ಥಾರ್ ಮರುಭೂಮಿ: ನೀರಿನಿಂದ ಶುರುಮಾಡಿ ಓದಿದ ಟಿಪ್ಪಣಿ

ನನ್ನ ಮೊದಲ ನೋಟ್ಸ್‌ನಲ್ಲಿ ಥಾರ್ ಮೂರು ಕಡೆ ಚದುರಿಹೋಗಿತ್ತು. ಭೂಗೋಳದ ಪುಸ್ತಕದಲ್ಲಿ ಮಳೆ ಎಷ್ಟು, ಮಣ್ಣು ಯಾವುದು, ಕಾಲುವೆ ಎಲ್ಲಿಂದ ಎಲ್ಲಿಗೆ. ಇತಿಹಾಸದ ಪುಸ್ತಕದಲ್ಲಿ ಜೋಧಪುರದ ರಾಠೋಡರು, ಜೈಸಲ್ಮೇರಿನ ಭಾಟಿಗಳು, ಕೋಟೆಗಳು. ಕಲೆ-ಸಂಸ್ಕೃತಿಯ ಪುಸ್ತಕದಲ್ಲಿ ಮಾಂಗಣಿಯಾರ್ ಗಾಯಕರ ಮೇಲೆ ಒಂದೇ ಒಂದು ಸಾಲು. ಮೂರನ್ನೂ ಬಾಯಿಪಾಠ ಮಾಡಿದೆ, ಮೂರನ್ನೂ ಮರೆತೆ.

ಆಮೇಲೆ ಒಂದು ಸಂಜೆ ಹುಬ್ಬಳ್ಳಿಯ ಮಾರ್ವಾಡಿ ಕಿರಾಣಿ ಅಂಗಡಿಯೊಂದರಲ್ಲಿ ಒಂದು ಪೊಟ್ಟಣ ಕಣ್ಣಿಗೆ ಬಿತ್ತು. ಒಣಗಿ ಕಂದಿದ, ಹುಣಸೆನಾರಿನಂತೆ ಸಣ್ಣಗೆ ಸುರುಟಿದ ಕಾಯಿಗಳು. ಏನಿದು ಅಂತ ಕೇಳಿದ್ದಕ್ಕೆ ಅಂಗಡಿಯವರು, ‘ಸಾಂಗ್ರಿ. ಖೇಜ್ಡಿ ಮರದ ಎಳೆಗಾಯಿ. ಬರ ಬಿದ್ದ ವರ್ಷವೂ ಈ ಮರ ಕಾಯಿ ಬಿಡುತ್ತೆ’ ಅಂದರು. ಮನೆಗೆ ಬಂದು ನೋಡಿದರೆ ಖೇಜ್ಡಿ ಅಂದರೆ ನಮ್ಮ ಬನ್ನಿ! ದಸರೆಯ ಸಂಜೆ ‘ಬನ್ನಿ ತಗೊಂಡು ಬಂಗಾರದಂಗೆ ಇರೋಣ’ ಅಂತ ಕೈಗೆ ಕೈ ಹಚ್ಚುವ ಅದೇ ಶಮೀವೃಕ್ಷ. ನಮ್ಮಲ್ಲಿ ವರ್ಷಕ್ಕೊಮ್ಮೆ ಪೂಜೆಗೆ ನೆನಪಾಗುವ ಮರ ಅಲ್ಲಿ ಊಟದ ತಟ್ಟೆಯಲ್ಲಿದೆ, ದನದ ಮೇವಿನಲ್ಲಿದೆ, ಒಂದು ಪಂಥದ ಧರ್ಮನಿಯಮದಲ್ಲೂ ಇದೆ. ಅಲ್ಲಿಂದ ನೋಟ್ಸನ್ನು ಹರಿದು ಹೊಸದಾಗಿ ಬರೆದೆ. ಈ ಸಲ ಪ್ರತಿ ವಿಷಯಕ್ಕೂ ಒಂದೇ ಪ್ರಶ್ನೆ ಹಾಕಿಕೊಂಡೆ: ಇವರಿಗೆ ನೀರು ಎಲ್ಲಿಂದ ಬಂತು?

ಎಲ್ಲಿದೆ, ಎಷ್ಟಿದೆ

ಥಾರ್‌ನ ವಿಸ್ತಾರ ಸುಮಾರು 2 ಲಕ್ಷ ಚದರ ಕಿ.ಮೀ. ಇಡೀ ಕರ್ನಾಟಕ 1,91,791 ಚದರ ಕಿ.ಮೀ., ಅಂದರೆ ನಮ್ಮ ರಾಜ್ಯಕ್ಕಿಂತ ತುಸು ದೊಡ್ಡದು ಅಂದುಕೊಳ್ಳಿ. ಸುಮಾರು ಶೇ. 85 ಭಾಗ ಭಾರತದಲ್ಲಿದೆ, ಅದರಲ್ಲಿ ಬಹುಪಾಲು ಪಶ್ಚಿಮ ರಾಜಸ್ಥಾನ. ಗುಜರಾತ್, ಹರಿಯಾಣ, ಪಂಜಾಬ್‌ಗೂ ಅಂಚು ತಾಗುತ್ತದೆ. ಉಳಿದದ್ದು ಪಾಕಿಸ್ತಾನದಲ್ಲಿ. ಅಲ್ಲಿ ಸಿಂಧ್ ಪ್ರಾಂತ್ಯದ ಥಾರ್‌ಪಾರ್ಕರ್, ಉಮರ್‌ಕೋಟ್. ಪಂಜಾಬ್ ಪ್ರಾಂತ್ಯದಲ್ಲಿ ಚೋಲಿಸ್ತಾನ್, ಅಲ್ಲಿನವರ ಬಾಯಲ್ಲಿ ‘ರೋಹಿ’. ಪೂರ್ವಕ್ಕೆ ಅರಾವಳಿ, ಪಶ್ಚಿಮಕ್ಕೆ ಸಿಂಧೂ ಬಯಲು, ದಕ್ಷಿಣಕ್ಕೆ ಕಛ್‌ನ ರಣ, ಉತ್ತರಕ್ಕೆ ಸತ್ಲೆಜ್ ಬಯಲು. ಈ ನಾಲ್ಕು ಗಡಿ ಗೊತ್ತಿದ್ದರೆ ನಕ್ಷೆ ಅರ್ಧ ಮುಗಿದಂತೆ.

ಮರುಭೂಮಿ ಅಂದ ಕೂಡಲೇ ಕಣ್ಣಿಗೆ ಬರುವ ಮರಳ ಗುಡ್ಡ, ಅಲ್ಲಿಯವರು ‘ಧೋರಾ’ ಅನ್ನುವುದು, ಪಶ್ಚಿಮ ರಾಜಸ್ಥಾನದ ಅರ್ಧಕ್ಕಿಂತ ತುಸು ಹೆಚ್ಚು ಭಾಗದಲ್ಲಿ ಮಾತ್ರ ಇದೆ. ಮಿಕ್ಕದ್ದು ಕಲ್ಲುಹಾಸು, ಜಲ್ಲಿನೆಲ, ಉಪ್ಪುಕಟ್ಟಿದ ತಗ್ಗು, ಕುರುಚಲು. ಜೈಸಲ್ಮೇರ್ ಪಕ್ಕದ ಆಕಲ್‌ನಲ್ಲಿ ಕಲ್ಲಾಗಿಹೋದ ಮರದ ದಿಮ್ಮಿಗಳು ಬಯಲಲ್ಲೇ ಬಿದ್ದಿವೆ, ಸುಮಾರು 18 ಕೋಟಿ ವರ್ಷ ಹಿಂದಿನವು. ಉತ್ತರದ ಅಂಚಿನಲ್ಲಿ, ಘಗ್ಗರ್ ನದಿಯ ದಡದ ಕಾಳಿಬಂಗಾದಲ್ಲಿ, ಹರಪ್ಪ ನಗರಕ್ಕೂ ಮುಂಚೆ ಉತ್ತ ಹೊಲದ ಸಾಲುಗಳು ಸಿಕ್ಕಿವೆ. ಅಂದರೆ ಈ ನೆಲ ಯಾವತ್ತೂ ಹೀಗೇ ಇತ್ತು ಅನ್ನುವ ಹಾಗಿಲ್ಲ.

ಜನಸಾಂದ್ರತೆಯ ವಿಷಯದಲ್ಲಿ ಎರಡು ಮಾತು ಒಟ್ಟಿಗೆ ನೆನಪಿಡಬೇಕು. ಥಾರ್ ಜಗತ್ತಿನ ಅತ್ಯಂತ ಜನನಿಬಿಡ ಮರುಭೂಮಿಗಳಲ್ಲಿ ಒಂದು. ಆದರೆ ಒಳಗೆ ಹೋದಂತೆ ಜನ ವಿರಳ. ಜೈಸಲ್ಮೇರ್ ಜಿಲ್ಲೆ 38,401 ಚದರ ಕಿ.ಮೀ., ಹೆಚ್ಚುಕಡಿಮೆ ಇಡೀ ಕೇರಳದಷ್ಟು. 2011ರ ಗಣತಿಯಲ್ಲಿ ಕೇರಳದಲ್ಲಿ 3.3 ಕೋಟಿ ಜನ, ಜೈಸಲ್ಮೇರಿನಲ್ಲಿ 6.7 ಲಕ್ಷ. ಚದರ ಕಿಲೋಮೀಟರಿಗೆ 17 ಮಂದಿ.

ಮಳೆ ಯಾಕಿಲ್ಲ

ಇಲ್ಲಿ ನಾನು ಮುಗ್ಗರಿಸಿದ್ದೇನೆ, ನೀವು ಮುಗ್ಗರಿಸಬೇಡಿ. ಒಂದು ಮಾದರಿ ಪರೀಕ್ಷೆಯಲ್ಲಿ ‘ಅರಾವಳಿ ಬೆಟ್ಟಗಳು ಅರಬ್ಬಿ ಸಮುದ್ರದ ಮಾರುತಗಳನ್ನು ತಡೆಯುವುದರಿಂದ ಥಾರ್‌ನಲ್ಲಿ ಮಳೆ ಇಲ್ಲ’ ಅಂತ ಬರೆದು ಕೆಂಪು ಗೆರೆ ಹಾಕಿಸಿಕೊಂಡೆ. ಆಗುವುದು ತಿರುವುಮುರುವು. ಪಶ್ಚಿಮ ಘಟ್ಟ ಅರಬ್ಬಿ ಮಾರುತಕ್ಕೆ ಎದೆಯೊಡ್ಡಿ ನಿಂತಿದೆ, ಅದಕ್ಕೇ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ದಾಟುತ್ತದೆ. ಅರಾವಳಿ ಅದೇ ಮಾರುತಕ್ಕೆ ಸಮಾನಾಂತರವಾಗಿ, ನೈಋತ್ಯದಿಂದ ಈಶಾನ್ಯಕ್ಕೆ ಮಲಗಿದೆ. ಗಾಳಿ ಅದರ ಪಕ್ಕದಲ್ಲೇ ಸವರಿಕೊಂಡು ಹೋಗುತ್ತದೆ, ಮೇಲೇರುವ ಪ್ರಮೇಯವೇ ಇಲ್ಲ. ಬಂಗಾಳ ಕೊಲ್ಲಿಯ ಕವಲು ಗಂಗಾ ಬಯಲನ್ನೆಲ್ಲ ದಾಟಿ ಇಲ್ಲಿಗೆ ಬರುವ ಹೊತ್ತಿಗೆ ಬರಿದಾಗಿರುತ್ತದೆ. ಮಿಕ್ಕ ತೇವವೂ ಅರಾವಳಿಯ ಪೂರ್ವ ಮಗ್ಗುಲಿಗೇ ಹೋಗುತ್ತದೆ. ಈ ಕವಲಿನ ಮಟ್ಟಿಗೆ ಮಾತ್ರ ಥಾರ್ ಮಳೆಯ ನೆರಳಿನಲ್ಲಿದೆ.

ಮೂರನೆಯ ಕಾರಣವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಜುಲೈನಲ್ಲಿ ಥಾರ್ ಮೇಲಿನ ಗಾಳಿಯಲ್ಲಿ ತೇವ ಇಲ್ಲದೇ ಇಲ್ಲ. ಆದರೆ ಬಲೂಚಿಸ್ತಾನದ ಕಡೆಯಿಂದ ಬರುವ ಒಣ, ಬಿಸಿ ಗಾಳಿಯ ಪದರ ಆ ತೇವದ ಮೇಲೆ ಪಾತ್ರೆಗೆ ಮುಚ್ಚಳ ಇಟ್ಟಂತೆ ಕೂರುತ್ತದೆ, ಜೊತೆಗೆ ಮೇಲಿನ ಗಾಳಿ ಕೆಳಗಿಳಿಯುವ ಪಟ್ಟಿ ಇದು. ಮೋಡ ಎತ್ತರಕ್ಕೆ ಬೆಳೆಯುವುದೇ ಇಲ್ಲ. ಹಾಗಾಗಿ ಪೂರ್ವದ ಅಂಚಿನಲ್ಲಿ 500 ಮಿ.ಮೀ. ಹತ್ತಿರ ಇರುವ ಮಳೆ ಪಶ್ಚಿಮಕ್ಕೆ ಹೋದಂತೆ ಇಳಿದು, ಗಡಿಯ ಹತ್ತಿರ 100 ಮಿ.ಮೀ. ಆಸುಪಾಸಿಗೆ ಬರುತ್ತದೆ. ಜೈಸಲ್ಮೇರ್ ಪಟ್ಟಣದಲ್ಲಿ 200ರ ಒಳಗೆ. ನಾವು ಬರದ ಸೀಮೆ ಅನ್ನುವ ಚಳ್ಳಕೆರೆಯಲ್ಲೂ ಇದರ ಎರಡರಷ್ಟಾದರೂ ಬೀಳುತ್ತದೆ.

ಉಷ್ಣಾಂಶಕ್ಕೆ ಒಂದು ಅಂಕಿ ಸಾಕು: 2016ರ ಮೇ 19ರಂದು ಫಲೋದಿಯಲ್ಲಿ 51 ಡಿಗ್ರಿ ಸೆಲ್ಸಿಯಸ್. ಚಳಿಗಾಲದಲ್ಲಿ ಇದೇ ಮರುಭೂಮಿಯ ಚೂರೂನಲ್ಲಿ ರಾತ್ರಿ ಸೊನ್ನೆಗೆ ಇಳಿಯುವುದೂ ಉಂಟು.

ಮೂರು ಬಗೆಯ ನೀರು

ನನಗೆ ಇಡೀ ಪಾಠದಲ್ಲಿ ಹೆಚ್ಚು ಹಿಡಿಸಿದ್ದು ಇದು. ನಾವು ನೀರನ್ನು ಮಳೆನೀರು, ಅಂತರ್ಜಲ ಅಂತ ಎರಡು ಮಾಡುತ್ತೇವೆ. ಥಾರ್‌ನವರು ಮೂರು ಮಾಡುತ್ತಾರೆ. ‘ಪಾಲರ್ ಪಾಣಿ’ ಮಳೆಯಾಗಿ ಬಿದ್ದು ನೆಲದ ಮೇಲೆ ಹರಿಯುವುದು, ಕೆರೆಯಲ್ಲೋ ಟಾಂಕಾದಲ್ಲೋ (ನೆಲದಡಿಯ ತೊಟ್ಟಿ) ಹಿಡಿದಿಡುವುದು. ‘ಪಾತಾಳ್ ಪಾಣಿ’ ಆಳದ ಅಂತರ್ಜಲ, ಬಹಳ ಕಡೆ ಉಪ್ಪು. ಇವೆರಡರ ನಡುವೆ ‘ರೇಜಾಣಿ ಪಾಣಿ’: ಮರಳಿನೊಳಗೆ ಇಂಗಿ, ಅಂತರ್ಜಲಕ್ಕೆ ಸೇರದೆ ನಡುವೆಯೇ ತೇವವಾಗಿ ಉಳಿದ ನೀರು.

ನಡುವೆ ಹೇಗೆ ಉಳಿಯುತ್ತದೆ? ಬಿಕಾನೇರ್, ಚೂರೂ, ಜೈಸಲ್ಮೇರ್, ಬಾಡ್ಮೇರ್‌ನ ಕೆಲವು ಭಾಗಗಳಲ್ಲಿ ಮರಳಿನ ಕೆಳಗೆ ಜಿಪ್ಸಂನ ಒಂದು ಗಟ್ಟಿ ಪದರ ಇದೆ, ಅಲ್ಲಿನವರು ‘ಖಡಿಯಾ ಪಟ್ಟಿ’ ಅನ್ನುತ್ತಾರೆ. ಅದು ಮಳೆನೀರನ್ನು ಕೆಳಗಿನ ಉಪ್ಪುನೀರಿಗೆ ಸೇರಲು ಬಿಡುವುದಿಲ್ಲ. ಸರಿ, ಮೇಲಕ್ಕೆ ಆವಿಯಾಗಿ ಹೋಗಬಹುದಲ್ಲ? ಇಲ್ಲಿ ನಮ್ಮ ಎರೆಮಣ್ಣನ್ನು ನೆನೆಯಿರಿ. ಎರೆ ನೀರು ಕುಡಿದು ಹಿಗ್ಗುತ್ತದೆ, ಬೇಸಿಗೆಯಲ್ಲಿ ಕಾಲು ಸಿಕ್ಕಿಹಾಕಿಕೊಳ್ಳುವಷ್ಟು ಬಿರುಕು ಬಿಡುತ್ತದೆ, ಆ ಬಿರುಕಿನಿಂದ ಒಳಗಿನ ತೇವ ಹಾರಿಹೋಗುತ್ತದೆ. ಮರಳಿನ ಕಣಗಳು ಒಂದಕ್ಕೊಂದು ಅಂಟುವುದಿಲ್ಲ, ಹಾಗಾಗಿ ಬಿರುಕೂ ಬಿಡುವುದಿಲ್ಲ. ಮೇಲ್ಪದರ ಸುಡುತ್ತಿದ್ದರೂ ಒಳಗೆ ತೇವ ಬೆಚ್ಚಗೆ ಕೂತಿರುತ್ತದೆ.

ಆ ತೇವವನ್ನು ಹಿಡಿಯಲು ತೋಡುವುದು ‘ಕುಂಈ’. ಬಾವಿಗೆ ‘ಕುಆಂ’ ಅಂದರೆ ಇದು ಅದರ ಸ್ತ್ರೀಲಿಂಗ, ಚಿಕ್ಕದು ಅನ್ನುವ ಅರ್ಥದಲ್ಲಿ. ಆಳದಲ್ಲಿ ಚಿಕ್ಕದಲ್ಲ, ಬಾಯಿ ಮಾತ್ರ ಕಿರಿದು. ತೋಡುವವನು ಕುಕ್ಕುರುಗಾಲಲ್ಲಿ ಕೂತು ಕೆಲಸ ಮಾಡುವಷ್ಟೇ ಜಾಗ. ಗುದ್ದಲಿ ಬೀಸಲು ಆಗುವುದಿಲ್ಲ, ಗಿಡ್ಡ ಹಿಡಿಯ ಉಳಿಯಂಥ ‘ಬಸೌಲಿ’ಯಿಂದ ಕೆರೆಯಬೇಕು. ಒಳಗಿನ ಸೆಕೆ ತಡೆಯಲು ಮೇಲೆ ನಿಂತವರು ಆಗಾಗ ಒಂದೊಂದು ಹಿಡಿ ಮರಳನ್ನು ಜೋರಾಗಿ ಕೆಳಕ್ಕೆ ಎಸೆಯುತ್ತಾರೆ: ಮರಳಿನ ಜೊತೆ ಮೇಲಿನ ತಂಪು ಗಾಳಿ ಕೆಳಗಿಳಿಯುತ್ತದೆ, ಕೆಳಗಿನ ಬಿಸಿ ಗಾಳಿ ಮೇಲೆ ಬರುತ್ತದೆ. ಎಸೆದ ಮರಳು ತಲೆಗೆ ಹೊಡೆಯದಿರಲಿ ಅಂತ ತೋಡುವವನ ತಲೆ ಮೇಲೆ ಲೋಹದ ಟೊಪ್ಪಿಗೆ. ಮರಳು ಕುಸಿಯದಂತೆ ಖೀಂಪ್ ಹುಲ್ಲಿನ ದಪ್ಪ ಹಗ್ಗ ಹೊಸೆದು, ಸುರುಳಿ ಸುತ್ತಿ ಗೋಡೆ ಕಟ್ಟುತ್ತಾರೆ. ಇಷ್ಟೆಲ್ಲ ಆದಮೇಲೆ ಬಾವಿ ತುಂಬುವುದಿಲ್ಲ. ಮರಳಿನ ತೇವ ರಾತ್ರಿಯಿಡೀ ಹನಿಹನಿಯಾಗಿ ಒಸರಿ, ಬೆಳಗ್ಗೆ ಎರಡು-ಮೂರು ಕೊಡ ಸಿಹಿನೀರು ಕೊಡುತ್ತದೆ. ಬಾಯಿ ಕಿರಿದಾಗಿರುವುದಕ್ಕೂ ಕಾರಣ ಇದೆ: ಅಗಲವಾಗಿದ್ದರೆ ಆ ಎರಡು ಕೊಡ ತಳದಲ್ಲಿ ಹರಡಿ ಕೂತುಬಿಡುತ್ತಿತ್ತು, ಚಿಕ್ಕ ಚರ್ಮದ ಚೀಲದಿಂದ ಎತ್ತಲೂ ಬರುತ್ತಿರಲಿಲ್ಲ, ಆವಿಯೂ ಆಗುತ್ತಿತ್ತು.

ಇದೇ ಜಿಪ್ಸಂ ಪದರದ ಇನ್ನೊಂದು ಮುಖ 2006ರ ಆಗಸ್ಟ್‌ನಲ್ಲಿ ಕಂಡಿತು. ಬಾಡ್ಮೇರ್‌ನಲ್ಲಿ ಕೆಲವೇ ದಿನಗಳಲ್ಲಿ ಇಡೀ ವರ್ಷಕ್ಕಿಂತ ಹೆಚ್ಚಿನ ಮಳೆ ಸುರಿದು ಕವಾಸ್ ಹಳ್ಳಿ ಮುಳುಗಿತು. ಮರುಭೂಮಿಯಲ್ಲಿ ಪ್ರವಾಹ ಬಂದರೆ ಮರಳು ಕುಡಿದುಬಿಡುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಕೆಳಗಿನ ಪದರ ನೀರನ್ನು ಇಂಗಲು ಬಿಡಲಿಲ್ಲ. ತಿಂಗಳುಗಟ್ಟಲೆ ನೀರು ನಿಂತೇ ಇತ್ತು.

ಬೇಸಾಯದ ಕಡೆಗೆ ಬಂದರೆ ಜೈಸಲ್ಮೇರಿನ ಪಾಲೀವಾಲ ಬ್ರಾಹ್ಮಣರ ‘ಖಡೀನ್’ ನೋಡಬೇಕು. ಕಲ್ಲುನೆಲದ ಇಳಿಜಾರಿನ ಕೆಳಗೆ ಉದ್ದಕ್ಕೆ ಮಣ್ಣಿನ ಏರಿ ಹಾಕಿ, ಮೇಲಿನ ಬಯಲಿನ ಮಳೆನೀರನ್ನೆಲ್ಲ ಒಂದು ತಗ್ಗಿನಲ್ಲಿ ನಿಲ್ಲಿಸುತ್ತಾರೆ. ನೀರು ಇಂಗಿದ ಮೇಲೆ ಆ ಹಸಿಯಲ್ಲೇ ಹಿಂಗಾರಿಗೆ ಗೋಧಿ, ಕಡಲೆ. 200 ಮಿ.ಮೀ. ಒಳಗಿನ ಮಳೆಯಲ್ಲಿ ಗೋಧಿ! ಪಾಲೀವಾಲರ ಕುಲಧರಾ ಹಳ್ಳಿ ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಪಾಳುಬಿತ್ತು. ದಿವಾನ ಸಾಲಿಂ ಸಿಂಗನ ಕಾಟಕ್ಕೆ ಒಂದೇ ರಾತ್ರಿಯಲ್ಲಿ ಊರು ಬಿಟ್ಟರು ಅನ್ನುವ ಕಥೆ ಪ್ರವಾಸಿಗರಿಗೆ ಇಷ್ಟ; ಬಾವಿ ಬತ್ತಿದ್ದು, ತೆರಿಗೆ ಏರಿದ್ದು ಸೇರಿ ಮೆಲ್ಲಗೆ ಖಾಲಿಯಾಗಿರಬೇಕು ಅನ್ನುವುದು ನನಗೆ ಹೆಚ್ಚು ನಂಬುವಂತಿದೆ. ಉತ್ತರ ಬರೆಯುವಾಗ ಭೂತದ ಕಥೆ ಬೇಡ, ಖಡೀನ್ ಬರೆಯಿರಿ.

ಬನ್ನಿಮರ ಮತ್ತು ಇಪ್ಪತ್ತೊಂಬತ್ತು ನಿಯಮ

ಇನ್ನು ಧರ್ಮದ ಕಡೆಗೆ. ನಾಗೌರ್ ಸೀಮೆಯ ಪೀಪಾಸರದಲ್ಲಿ 1451ರಲ್ಲಿ ಹುಟ್ಟಿದ ಜಾಂಭೋಜಿ, 1485ರಲ್ಲಿ ಸಮರಾಥಲ್ ಅನ್ನುವ ಒಂದು ಧೋರಾ ಮೇಲೆ ತಮ್ಮ ಪಂಥ ಶುರುಮಾಡಿದರು. ನಿಯಮಗಳು ಬೀಸ್ ಮತ್ತು ನೌ, ಇಪ್ಪತ್ತು ಮತ್ತು ಒಂಬತ್ತು, ಅದರಿಂದಲೇ ಬಿಷ್ಣೋಯಿ. ಹಸಿಮರ ಕಡಿಯಬಾರದು, ಪ್ರಾಣಿ ಕೊಲ್ಲಬಾರದು, ನೀರು ಸೋಸಿ ಬಳಸಬೇಕು, ಸೌದೆಯಲ್ಲಿ ಹುಳ ಇದೆಯೇ ನೋಡಿ ಒಲೆಗೆ ಇಡಬೇಕು. ಇವರನ್ನು ‘ಪರಿಸರವಾದಿಗಳು’ ಅಂತ ಒಂದೇ ಪದದಲ್ಲಿ ಮುಗಿಸುವುದು ಸೋಮಾರಿತನ. ಬರಗಾಲ ಕಂಡ ಊರುಗಳಲ್ಲಿ ಹುಟ್ಟಿದ ನಿಯಮಗಳಿವು; ಬನ್ನಿಮರ ಹೋದರೆ ಮೇವು ಹೋಯಿತು, ನೆರಳು ಹೋಯಿತು, ಸಾಂಗ್ರಿ ಹೋಯಿತು. ಬಿಷ್ಣೋಯಿಗಳು ಸತ್ತವರನ್ನು ಸುಡದೆ ಹೂಳುತ್ತಾರೆ. ಚಿತೆಗೆ ಮರ ಬೇಕಲ್ಲ, ಅದಕ್ಕೆ.

1730ರಲ್ಲಿ ಜೋಧಪುರದ ಮಹಾರಾಜ ಅಭಯಸಿಂಗನ ಅರಮನೆ ಕೆಲಸಕ್ಕೆ ಸುಣ್ಣ ಬೇಯಿಸಲು ಸೌದೆ ಬೇಕಾಗಿ, ಆಳುಗಳು ಖೇಜಡ್ಲಿ ಹಳ್ಳಿಗೆ ಬಂದರು. ಊರಿನ ಹೆಸರೇ ಬನ್ನಿಮರದಿಂದ ಬಂದದ್ದು. ಅಮೃತಾದೇವಿ ಮರ ತಬ್ಬಿ ನಿಂತಳು. ‘ಸಿರ್ ಸಾಂಟೇ ರೂಂಖ್ ರಹೇ, ತೋ ಭೀ ಸಸ್ತೋ ಜಾಣ್’ ಅನ್ನುವ ಮಾತು ಅವಳದು ಅಂತ ನಂಬಿಕೆ: ತಲೆ ಕೊಟ್ಟು ಮರ ಉಳಿದರೆ ಅಗ್ಗವೇ ಅಂತ ತಿಳಿ. ಅವಳು, ಅವಳ ಹೆಣ್ಣುಮಕ್ಕಳು, ಸುತ್ತಲಿನ ಹಳ್ಳಿಗಳವರು ಸೇರಿ ಸತ್ತವರು 363 ಮಂದಿ. ಸೆಪ್ಟೆಂಬರ್ 11ರ ರಾಷ್ಟ್ರೀಯ ಅರಣ್ಯ ಹುತಾತ್ಮರ ದಿನ ಈ ಘಟನೆಯ ನೆನಪಿಗೆ ನಿಗದಿಯಾದದ್ದು.

ಬದಿಯ ಮಾತು: ದುಬೈನಲ್ಲಿರುವ ನಮ್ಮವರಿಗೆ ‘ಗಾಫ್’ ಮರ ಗೊತ್ತಿರುತ್ತದೆ, ಸಂಯುಕ್ತ ಅರಬ್ ಸಂಸ್ಥಾನದ ರಾಷ್ಟ್ರೀಯ ಮರ. ಅದೂ ಇದೇ ಬನ್ನಿ. ನಮ್ಮ ಬಯಲುಸೀಮೆಯ ಬಳ್ಳಾರಿ ಜಾಲಿ ಮಾತ್ರ ಬನ್ನಿಯ ದಾಯಾದಿ, ಅಮೆರಿಕ ಖಂಡದಿಂದ ತಂದು ಬಿತ್ತಿದ್ದು; ಥಾರ್‌ನಲ್ಲೂ ಅದು ನಮ್ಮಲ್ಲಿಯಂತೆಯೇ ಊರೂರು ನುಂಗುತ್ತಿದೆ. ವಸ್ತುನಿಷ್ಠ ಪ್ರಶ್ನೆಗಳಲ್ಲಿ ಇವೆರಡನ್ನು ಕಲಸಬೇಡಿ.

ದೇವರಿಗೆ ಪೀರ್ ಅನ್ನುವ ಸೀಮೆ

ಪೋಕರಣ್ ಹತ್ತಿರದ ರಾಮ್‌ದೇವ್ರಾ ಊರಿನಲ್ಲಿ ರಾಮದೇವಜಿಯ ಸಮಾಧಿ. ತಂವರ್ ರಜಪೂತ ಮನೆತನದವರು. ಹಿಂದೂಗಳಿಗೆ ಕೃಷ್ಣನ ಅವತಾರ, ಮುಸ್ಲಿಮರಿಗೆ ರಾಮ್‌ಶಾ ಪೀರ್. ಮೆಕ್ಕಾದಿಂದ ಐವರು ಪೀರರು ಪರೀಕ್ಷಿಸಲು ಬಂದರಂತೆ. ‘ನಮ್ಮ ಬಟ್ಟಲಲ್ಲೇ ನಾವು ಉಣ್ಣುವುದು, ಅದು ಮೆಕ್ಕಾದಲ್ಲಿ ಉಳಿದಿದೆ’ ಅಂದರಂತೆ. ಕ್ಷಣದಲ್ಲಿ ಬಟ್ಟಲುಗಳು ಮುಂದೆ ಬಂದವು. ಅವರು ‘ನಾವು ಪೀರರು, ನೀವು ಪೀರರಿಗೂ ಪೀರ್’ ಅಂದರು. ತಿಂಥಣಿ ಮೋನಪ್ಪಯ್ಯನ ಜಾತ್ರೆ ನೋಡಿದವರಿಗೆ ಈ ಭಾಷೆ ಹೊಸದೇನಲ್ಲ. ಭಾದ್ರಪದ ಶುಕ್ಲದಲ್ಲಿ ನಡೆಯುವ ಜಾತ್ರೆಗೆ ಜನ ನೂರಾರು ಕಿಲೋಮೀಟರ್ ನಡೆದು ಬರುತ್ತಾರೆ, ಕೈಯಲ್ಲಿ ಬಟ್ಟೆಯಿಂದ ಹೊಲಿದ ಪುಟ್ಟ ಕುದುರೆ. ಅತ್ತ ಸಿಂಧ್‌ನ ಟಂಡೋ ಅಲ್ಲಾಹ್ಯಾರ್‌ನಲ್ಲೂ ರಾಮಾಪೀರ್ ಜಾತ್ರೆ ದೊಡ್ಡದು.

ನನ್ನ ಕಣ್ಣಿಗೆ ಹಿಂದೂ-ಮುಸ್ಲಿಂ ವಿಷಯದಷ್ಟೇ ಮುಖ್ಯವಾದದ್ದು ಡಾಲೀಬಾಯಿ. ಮೇಘವಾಲ ಸಮುದಾಯದ, ಅಂದರೆ ಮುಟ್ಟಿಸಿಕೊಳ್ಳದೆ ದೂರ ಇಟ್ಟ ಜಾತಿಯ ಹೆಣ್ಣುಮಗಳು, ರಾಮದೇವಜಿಯ ಶಿಷ್ಯೆ. ಅವಳ ಸಮಾಧಿ ಅವರ ಸಮಾಧಿಯ ಪಕ್ಕದಲ್ಲೇ ಇದೆ. ರಾತ್ರಿಯಿಡೀ ನಡೆಯುವ ‘ಜಮ್ಮಾ’ ಜಾಗರಣೆಯಲ್ಲಿ ಹಾಡುವವರು ಬಹುಪಾಲು ಮೇಘವಾಲರು. ಇಷ್ಟಾದರೂ ಥಾರ್ ಜಾತಿ ಮೀರಿದ ನಾಡು ಅಂತ ಬರೆದರೆ ಸುಳ್ಳಾಗುತ್ತದೆ. ನೀರು ಕಡಿಮೆ ಇದ್ದಲ್ಲಿ ಬಾವಿಯ ಕಟ್ಟೆ ಯಾರದು ಅನ್ನುವುದು ಹೆಚ್ಚು ಬಿಗಿಯಾಗುತ್ತದೆ. ಜಾತಿಗೊಂದು ಬಾವಿ, ಜಾತಿಗೊಂದು ಸರದಿ ಅಲ್ಲಿಯೂ ನಡೆದುಬಂದದ್ದೇ.

ಮಾರವಾಡದಲ್ಲಿ ಐವರು ವೀರರನ್ನು ‘ಪಾಂಚ್ ಪೀರ್’ ಅನ್ನುತ್ತಾರೆ: ಪಾಬೂಜಿ, ಹಡಬೂಜಿ, ರಾಮದೇವಜಿ, ಮೇಹಾಜಿ, ಗೋಗಾಜಿ. ಐವರೂ ರಜಪೂತ ವೀರರು, ಬಿರುದು ಮಾತ್ರ ಪೀರ್. ಕಥೆಗಳು ಬಹುಪಾಲು ದನ-ಒಂಟೆಗಳ ಸುತ್ತಲಿನವು. ಹಾವು ಕಡಿದರೆ ಗೋಗಾಜಿ, ಒಂಟೆಗೆ ರೋಗ ಬಂದರೆ ಪಾಬೂಜಿ. ಪಾಬೂಜಿ ಅಣ್ಣನ ಮಗಳ ಮದುವೆಗೆ ಉಡುಗೊರೆ ಕೊಡಲು ಲಂಕೆಯಿಂದ ಒಂಟೆ ತಂದನಂತೆ, ಹಾಗಾಗಿ ಒಂಟೆ ಸಾಕುವ ರೈಕಾ-ರಬಾರಿಗಳಿಗೆ ಅವನೇ ದೇವರು. ಅವನಿಗೆ ಕಲ್ಲಿನ ಗುಡಿಗಿಂತ ಹೆಚ್ಚಾಗಿ ‘ಫಡ್’ ಎಂಬ ಉದ್ದನೆಯ ಚಿತ್ರಪಟ. ರಾತ್ರಿ ಅದನ್ನು ಬಿಚ್ಚಿ ನಿಲ್ಲಿಸಿ, ಭೋಪಾ, ಅಂದರೆ ಪೂಜಾರಿ-ಗಾಯಕ, ರಾವಣಹತ್ಥಾ ಎಂಬ ತಂತಿವಾದ್ಯ ನುಡಿಸುತ್ತಾ ಹಾಡಿದರೆ, ಅವನ ಹೆಂಡತಿ ಭೋಪಿ ದೀಪ ಹಿಡಿದು ಆಯಾ ಚಿತ್ರದ ಮೇಲೆ ಬೆಳಕು ಬೀಳಿಸುತ್ತಾಳೆ. ಮಂದೆಯ ಜೊತೆ ತಿರುಗುವವರಿಗೆ ಸುತ್ತಿ ಹೆಗಲ ಮೇಲೆ ಹೊರುವಂಥ ದೇವಸ್ಥಾನ.

ಮಾಂಗಣಿಯಾರ್ ಮತ್ತು ಲಂಗಾ

ಇಬ್ಬರೂ ಮುಸ್ಲಿಂ ಗಾಯಕ ಸಮುದಾಯಗಳು, ಹಾಡಿಕೆ ವಂಶಪಾರಂಪರ್ಯ. ಗೊಂದಲ ಆಗುವುದು ಪೋಷಕರ ವಿಷಯದಲ್ಲಿ. ಮಾಂಗಣಿಯಾರರ ‘ಜಜ್ಮಾನ’ರು ಹೆಚ್ಚಾಗಿ ಹಿಂದೂ ರಜಪೂತರು, ಲಂಗಾಗಳ ಪೋಷಕರು ಸಿಂಧಿ ಸಿಪಾಹಿ ಮುಸ್ಲಿಮರು. ವಾದ್ಯದಿಂದಲೂ ಗುರುತು ಹಿಡಿಯಬಹುದು: ಮಾಂಗಣಿಯಾರರದು ಕಮಾಯಚಾ, ಲಂಗಾಗಳದು ಸಿಂಧಿ ಸಾರಂಗಿ. ಕಮಾಯಚಾದ ಹೊಟ್ಟೆ ಮಾವಿನ ಮರದ್ದು, ಅದರ ಮೇಲೆ ಮೇಕೆ ಚರ್ಮ. ಕಮಾನು ಎಳೆದರೆ ಗಂಟಲು ಕಟ್ಟಿದ ಮುದುಕ ಹಾಡಿದಂಥ ಭಾರವಾದ ದನಿ. ಜೈಸಲ್ಮೇರಿನ ಸಾಕರ್ ಖಾನ್ ಇದರ ದೊಡ್ಡ ಹೆಸರು, 2012ರಲ್ಲಿ ಪದ್ಮಶ್ರೀ ಬಂತು.

ರಜಪೂತರ ಮನೆಯಲ್ಲಿ ಮಗು ಹುಟ್ಟಿದರೆ ಮಾಂಗಣಿಯಾರ ಬರಬೇಕು, ಮದುವೆಗೆ ಬರಬೇಕು, ಆ ಮನೆತನದ ತಲೆತಲಾಂತರದ ಹೆಸರುಗಳನ್ನು ಹಾಡಬೇಕು. ಬದಲಿಗೆ ಕಾಳು, ಮೇಕೆ, ಒಂಟೆ, ದುಡ್ಡು. ಕೃಷ್ಣನ ಭಜನೆಯನ್ನೂ ಅವರೇ ಹಾಡುತ್ತಾರೆ, ಸಿಂಧ್‌ನ ಶಾ ಅಬ್ದುಲ್ ಲತೀಫರ ಸೂಫಿ ಪದವನ್ನೂ ಅವರೇ. ಇದನ್ನು ‘ಸೌಹಾರ್ದತೆಯ ಸಂಕೇತ’ ಅಂತ ಬರೆದರೆ ಅಂಕ ಬೀಳಬಹುದು, ಆದರೆ ಅದರ ಕೆಳಗೆ ಒಂದು ಲೆಕ್ಕಾಚಾರ ಇದೆ. ಮಳೆ ನೆಚ್ಚಿ ಬದುಕಲಾಗದ ಸೀಮೆಯಲ್ಲಿ ಹಾಡುವವನಿಗೆ ಬರಗಾಲದಲ್ಲೂ ಕಾಳು ಕೊಡುವ ಒಂದು ಮನೆ ಬೇಕು. ಬರೆದಿಡದ ಮನೆತನಕ್ಕೆ ತನ್ನ ಹಿರಿಯರನ್ನು ನೆನಪಿಡುವ ಒಂದು ಬಾಯಿ ಬೇಕು. ಈ ಸಮುದಾಯಗಳ ಹಾಡನ್ನು ಹೊರಜಗತ್ತಿಗೆ ಕೇಳಿಸಿದವರಲ್ಲಿ ಮೊದಲ ಹೆಸರು ಜಾನಪದ ವಿದ್ವಾಂಸ ಕೋಮಲ್ ಕೋಠಾರಿ. ಕಥೆಗಾರ ವಿಜಯದಾನ್ ದೇಥಾ ಜೊತೆ 1960ರಲ್ಲಿ ಬೋರೂಂದಾ ಹಳ್ಳಿಯಲ್ಲಿ ರೂಪಾಯನ್ ಸಂಸ್ಥಾನ ಕಟ್ಟಿದವರು.

ಜೈನರು, ವ್ಯಾಪಾರ, ವಲಸೆ

ಬೇಗ ಮುಗಿಸುತ್ತೇನೆ, ಇದು ಎಲ್ಲ ಪುಸ್ತಕದಲ್ಲೂ ಚೆನ್ನಾಗಿದೆ. 1156ರಲ್ಲಿ ರಾವಲ್ ಜೈಸಲ್ ಕಟ್ಟಿದ ಜೈಸಲ್ಮೇರ್ ಕೋಟೆ ಒಂಟೆಸಾಲುಗಳ ದಾರಿಯ ಮೇಲಿತ್ತು. ಹಳದಿ ಮರಳುಗಲ್ಲಿನ ಆ ಕೋಟೆಯಲ್ಲಿ ಇವತ್ತಿಗೂ ಜನ ವಾಸವಿದ್ದಾರೆ, ಒಳಗೆ ಜೈನ ದೇಗುಲಗಳ ಗುಂಪು, ನೆಲಮಾಳಿಗೆಯಲ್ಲಿ ತಾಳೆಗರಿಗಳ ಜ್ಞಾನಭಂಡಾರ. ಒಣಹವೆ ಗರಿಗಳನ್ನು ಕಾಪಾಡಿತು. 2013ರಲ್ಲಿ ರಾಜಸ್ಥಾನದ ಇತರ ಗಿರಿದುರ್ಗಗಳ ಜೊತೆ ಯುನೆಸ್ಕೊ ಪಟ್ಟಿ ಸೇರಿತು. ಮುಂಬೈ ಬಂದರು ಮತ್ತು ರೈಲು ಬಂದಮೇಲೆ ಒಂಟೆದಾರಿ ಬಡವಾಯಿತು, ವ್ಯಾಪಾರಿಗಳು ಹೊರಟರು. ನಮ್ಮ ಚಿಕ್ಕಪೇಟೆಯ ಬಟ್ಟೆ ಅಂಗಡಿ, ಊರೂರಿನ ಗಿರವಿ ಅಂಗಡಿಗಳಲ್ಲಿ ಕಾಣುವ ಪಾಲಿ, ಜಾಲೋರ್ ಕಡೆಯವರ ಕಥೆ ಇದರ ಮುಂದುವರಿಕೆ. ಹುಬ್ಬಳ್ಳಿ ಮೇಲೆ ಹೋಗುವ ಬೆಂಗಳೂರು-ಜೋಧಪುರ ರೈಲಿನಲ್ಲಿ ಒಮ್ಮೆ ಕೂತುನೋಡಿ, ಬೋಗಿಯ ಅರ್ಧದಷ್ಟು ಜನ ಮಾರವಾಡಿಯಲ್ಲೂ ಕನ್ನಡದಲ್ಲೂ ಒಟ್ಟಿಗೆ ಜಗಳ ಆಡುತ್ತಿರುತ್ತಾರೆ.

ಗೆರೆಯ ಆಚೆ

1947ರಲ್ಲಿ ಗೆರೆ ಬಿದ್ದಾಗ ಥಾರ್ ಎರಡಾಯಿತು, ನೆಂಟಸ್ತನ ಎರಡಾಗಲಿಲ್ಲ. ಸಿಂಧ್‌ನ ಉಮರ್‌ಕೋಟ್‌ನಲ್ಲಿ 1542ರಲ್ಲಿ ಅಕ್ಬರ್ ಹುಟ್ಟಿದ. ಓಡಿಬಂದ ಹುಮಾಯೂನನಿಗೆ ಆಶ್ರಯ ಕೊಟ್ಟವನು ಅಲ್ಲಿನ ಸೋಢಾ ರಜಪೂತ ರಾಣಾ. ಉಮರ್‌ಕೋಟ್ ಜಿಲ್ಲೆಯಲ್ಲಿ ಇವತ್ತಿಗೂ ಅರ್ಧಕ್ಕಿಂತ ಹೆಚ್ಚು ಜನ ಹಿಂದೂಗಳು. ಪಕ್ಕದ ಥಾರ್‌ಪಾರ್ಕರ್‌ನಲ್ಲಿ ಸುಮಾರು ಶೇ. 43, ಅದರಲ್ಲಿ ಬಹುಪಾಲು ಮೇಘವಾಲರು, ಕೋಲಿಗಳು, ಭೀಲರು. ಜಿಲ್ಲಾಕೇಂದ್ರ ಮಿಠಿ, ಹೆಸರಿನ ಅರ್ಥವೇ ಸಿಹಿ. ನಗರ್‌ಪಾರ್ಕರ್‌ನ ಗ್ರಾನೈಟ್ ಗುಡ್ಡ ಕಾರೂಂಝರ್ ಸುತ್ತ ಪಾಳುಬಿದ್ದ ಜೈನ ದೇಗುಲಗಳಿವೆ. ನಮ್ಮ ಗೋಶಾಲೆಗಳಲ್ಲಿ ಕಾಣುವ ಬಿಳಿಯ ‘ಥಾರ್‌ಪಾರ್ಕರ್’ ತಳಿಯ ಹಸುವಿನ ಹೆಸರು ಈ ಜಿಲ್ಲೆಯದು.

ಸೋಢಾಗಳ ಒಂದು ಕಷ್ಟ ಕೇಳಿ. ರಜಪೂತರಲ್ಲಿ ಒಂದೇ ಕುಲದೊಳಗೆ ಮದುವೆ ಇಲ್ಲ, ನಮ್ಮಲ್ಲಿ ಸಗೋತ್ರಕ್ಕೆ, ಒಂದೇ ಬೆಡಗಿಗೆ ಇಲ್ಲದಂತೆ. ಪಾಕಿಸ್ತಾನದ ಥಾರ್‌ನಲ್ಲಿ ಉಳಿದ ರಜಪೂತರು ಹೆಚ್ಚುಕಡಿಮೆ ಸೋಢಾಗಳೇ. ಹಾಗಾದರೆ ಹೆಣ್ಣು ಎಲ್ಲಿಂದ ತರಬೇಕು? ಗಡಿಯ ಈಚೆಯ ಭಾಟಿ, ರಾಠೋಡರ ಮನೆಗಳಿಂದ. ಗೋತ್ರದ ನಿಯಮವೇ ಅವರನ್ನು ವೀಸಾ ಕಚೇರಿಗೆ ಕಳಿಸುತ್ತದೆ. ಹಳೆಯ ಜೋಧಪುರ-ಸಿಂಧ್ ರೈಲುಮಾರ್ಗ 1965ರ ಯುದ್ಧದಲ್ಲಿ ನಿಂತಿತು. 2006ರ ಫೆಬ್ರವರಿಯಲ್ಲಿ ಮುನಾಬಾವ್-ಖೋಖ್ರಾಪಾರ್ ಮೂಲಕ ಥಾರ್ ಎಕ್ಸ್‌ಪ್ರೆಸ್ ಆಗಿ ಮತ್ತೆ ಓಡಿತು, ದಿಬ್ಬಣಗಳು ಅದರಲ್ಲೇ ಹೋದವು. 2019ರ ಆಗಸ್ಟ್‌ನಲ್ಲಿ ಅದೂ ನಿಂತಿತು.

1971ರ ಡಿಸೆಂಬರ್‌ನ ಲೋಂಗೆವಾಲಾ ಕಾಳಗ ಎಲ್ಲರಿಗೂ ಗೊತ್ತು. ಅದೇ ಯುದ್ಧದಲ್ಲಿ ಸಿಂಧ್‌ನ ಛಾಛ್ರೋ ಕಡೆಯಿಂದ ಸಾವಿರಾರು ಹಿಂದೂ ಕುಟುಂಬಗಳು ಬಾಡ್ಮೇರ್‌ಗೆ ಬಂದು ಉಳಿದದ್ದು ಓದಿನಲ್ಲಿ ಬರುವುದು ಕಡಿಮೆ. ಬಾಡ್ಮೇರ್‌ನ ಕಸೂತಿಯಲ್ಲಿ, ಢಾಟಕಿ ಮಾತಿನಲ್ಲಿ ಅವರ ಗುರುತಿದೆ.

ಕಾಲುವೆ ಬಂದಮೇಲೆ

ಸತ್ಲೆಜ್-ಬಿಯಾಸ್ ಸೇರುವ ಹರಿಕೆ ಅಣೆಕಟ್ಟೆಯಿಂದ ಹೊರಡುವ ಇಂದಿರಾಗಾಂಧಿ ಕಾಲುವೆಯ ಕೆಲಸ 1958ರಲ್ಲಿ ಶುರುವಾಯಿತು. ಪೂರಕ ಕಾಲುವೆ, ಮುಖ್ಯ ಕಾಲುವೆ ಸೇರಿ ಸುಮಾರು 650 ಕಿ.ಮೀ. 1987ರ ಜನವರಿಯಲ್ಲಿ ನೀರು ಜೈಸಲ್ಮೇರಿನ ಮೋಹನಗಢ ತಲುಪಿತು. ಸಜ್ಜೆ, ಮೋಠ್ ಕಾಳು, ಗೋರಿಕಾಯಿಯ ನೆಲದಲ್ಲಿ ಹತ್ತಿ, ಗೋಧಿ, ಸಾಸಿವೆ ಬಂತು. ತಲೆಮೇಲೆ ಕೊಡ ಹೊತ್ತು ಮೈಲಿಗಟ್ಟಲೆ ನಡೆಯುತ್ತಿದ್ದವರ ಕಾಲು ಉಳಿಯಿತು, ಇದನ್ನು ಯಾರೂ ಸಣ್ಣದು ಅನ್ನಬಾರದು. ಆದರೆ ಜಿಪ್ಸಂ ಪದರದ ಪಾಠ ಇಲ್ಲಿ ಮತ್ತೆ ಬರುತ್ತದೆ: ಕೆಳಗೆ ಗಟ್ಟಿ ಪದರ ಇರುವಲ್ಲಿ ಮೇಲೆ ಸುರಿದ ನೀರು ನಿಂತು, ಉಪ್ಪು ಮೇಲೆದ್ದು, ಹನುಮಾನ್‌ಗಢ ಸೀಮೆಯಲ್ಲಿ ಹೊಲಗಳು ಜೌಗಾದವು. ತುಂಗಭದ್ರಾ ಎಡದಂಡೆಯ ಸವಳು ನೋಡಿದವರಿಗೆ ವಿವರಿಸಬೇಕಿಲ್ಲ.

ಒಂಟೆಯದು ಬೇರೆ ಕಥೆ. 2014ರಲ್ಲಿ ರಾಜಸ್ಥಾನ ಅದನ್ನು ರಾಜ್ಯಪ್ರಾಣಿ ಮಾಡಿತು, 2015ರಲ್ಲಿ ಕೊಲ್ಲುವುದನ್ನೂ ಹೊರರಾಜ್ಯಕ್ಕೆ ಸಾಗಿಸುವುದನ್ನೂ ನಿರ್ಬಂಧಿಸುವ ಕಾನೂನು ತಂದಿತು. ಮಾರಾಟವೇ ಬಿದ್ದುಹೋಗಿ ರೈಕಾಗಳು ಮರಿ ಸಾಕುವುದನ್ನೇ ಬಿಟ್ಟರು. 2019ರ ಗಣತಿಯಲ್ಲಿ ಇಡೀ ದೇಶದಲ್ಲಿ ಉಳಿದದ್ದು ಎರಡೂವರೆ ಲಕ್ಷ. ಉಳಿಸಲು ಮಾಡಿದ ಕಾನೂನು ಸಾಕುವವರನ್ನು ಕೇಳಿ ಮಾಡಿದ್ದರೆ ಚೆನ್ನಾಗಿತ್ತು.

ಈಗ ಬಯಲಲ್ಲಿ ಸೌರಫಲಕಗಳು. ಫಲೋದಿ ಹತ್ತಿರದ ಭಡ್ಲಾ ಸೌರ ಉದ್ಯಾನದ ಸಾಮರ್ಥ್ಯವೇ 2245 ಮೆಗಾವ್ಯಾಟ್. ವಿದ್ಯುತ್ ತಂತಿಗೆ ಬಡಿದು ಸಾಯುವ ಗೋಡಾವಣ್ ಹಕ್ಕಿಗಳು ಒಂದು ಕಡೆ. ನಮ್ಮ ಸಿರುಗುಪ್ಪದ ಎರೆಹೊಲಗಳಲ್ಲಿ ಕಾಣುತ್ತಿದ್ದ ಎರೆಭೂತ ಅದೇ ಹಕ್ಕಿ. ಇನ್ನೊಂದು ಕಡೆ ಬಿಕಾನೇರ್ ಸುತ್ತಮುತ್ತ ಫಲಕ ಹಾಕಲು ಖೇಜ್ಡಿ ಕಡಿಯುತ್ತಾರೆ ಅಂತ ಧರಣಿ ಕೂತವರು. ಅವರಲ್ಲಿ ಮುಂದಿನ ಸಾಲಿನಲ್ಲಿರುವವರು ಬಿಷ್ಣೋಯಿಗಳು.

ನಕ್ಷೆ ಬರೆಯುವವರಿಗೆ

ಮೊದಲು ಅರಾವಳಿ ಎಳೆಯಿರಿ, ಅದಕ್ಕೆ ಸಮಾನಾಂತರವಾಗಿ ಮಾರುತದ ಬಾಣ. ಜೋಧಪುರ, ಬಿಕಾನೇರ್, ಜೈಸಲ್ಮೇರ್, ಬಾಡ್ಮೇರ್ ಗುರುತಿಸಿ. ಗಡಿಯ ಆಚೆ ಉಮರ್‌ಕೋಟ್, ಮಿಠಿ. ಅಜ್ಮೇರ್ ಹತ್ತಿರ ಹುಟ್ಟಿ ಸುಮಾರು 495 ಕಿ.ಮೀ. ಹರಿದು, ಸಮುದ್ರ ಸೇರದೆ ಕಛ್‌ನ ರಣದಲ್ಲಿ ಇಂಗಿಹೋಗುವ ಲೂಣಿ ನದಿಯನ್ನು ಬರೆಯುವಾಗ ಎರಡು ಪೆನ್ಸಿಲ್ ಬೇಕು. ಬಾಲೋತ್ರಾವರೆಗೆ ನೀಲಿ, ಅಲ್ಲಿತನಕ ನೀರು ಸಿಹಿ. ಬಾಲೋತ್ರಾದಿಂದ ಕೆಳಗೆ ಬೂದು ಬಣ್ಣ ಹಾಕಿ. ಲವಣದಿಂದ ಬಂದ ಅದರ ಹೆಸರು ನಿಜವಾಗುವುದು ಅಲ್ಲಿಂದ ಮುಂದೆ.